ಎಲೆಯ ಮೇಲಂಚಿನ ವ್ಯಂಜನಗಳು

ಯುಗಾದಿ ಸಮೀಪಿಸಿತೆಂದರೆ, ಒಬ್ಬಟ್ಟನ್ನು ಮಿತವಾಗಿ ತಿನ್ನಿರೆಂದೂ ಬೆಲ್ಲ ತುಪ್ಪಗಳನ್ನು ದೂರವಿಡಿರೆಂದೂ ಬೋಧಿಸುವ ಹಿತವಚನಗಳು ವೈದ್ಯರಿಂದಲೂ ಬಂಧುಗಳಿಂದಲೂ ಪತ್ರಿಕೆಗಳಿಂದಲೂ ತಪ್ಪದೆ ಬರುತ್ತವೆ. ಮಧುಮೇಹಿಗಳಾದ ಹಿರಿಯರು ಅವನ್ನು ವಿನಯದಿಂದಲೇ ಕೇಳಿಕೊಳ್ಳುತ್ತಾರೆ. ಆದರೆ ಹಬ್ಬದ ಮಧ್ಯಾಹ್ನ ಮನೆಮಂದಿಯೆಲ್ಲ ಸಾಲಾಗಿ ಕುಳಿತು, ಕಾವಲಿಯಿಂದ ಆಗತಾನೆ ಇಳಿದ ಒಬ್ಬಟ್ಟಿನ ಮೇಲೆ ತುಪ್ಪ ಕರಗಿ ಹರಿಯುವಾಗ, ಕೇಳಿದ ಮಾತೆಲ್ಲ ಮರೆತುಹೋಗುತ್ತದೆ. ಇದರಲ್ಲಿ ಅವರ ದೋಷವೇನೂ ಇಲ್ಲ. ವರ್ಷಕ್ಕೊಮ್ಮೆ ಮನೆಗೆ ಬರುವ ಭಕ್ಷ್ಯವನ್ನು ಬೇಡವೆನ್ನುವ ಉಪದೇಶ ಯಾವ ಕಾಲದಲ್ಲಿಯೂ ಯಾರಲ್ಲಿಯೂ ಹೆಚ್ಚು ಫಲಿಸಿದಂತೆ ಕಾಣೆ. ಆದುದರಿಂದ ಈ ವಾರ ನಾನು ಒಬ್ಬಟ್ಟನ್ನು ಅದರ ಪಾಡಿಗೆ ಬಿಟ್ಟು, ಅದರ ಸುತ್ತ ಬಡಿಸತಕ್ಕ ಕೋಸಂಬರಿ, ಪಲ್ಯ, ಗೊಜ್ಜು, ಮಜ್ಜಿಗೆಹುಳಿ, ಸಾರುಗಳ ವಿಷಯವಾಗಿ ಬರೆಯಬೇಕೆಂದಿದ್ದೇನೆ. ಏಕೆಂದರೆ ಹಬ್ಬದೂಟದ ಹಿತಾಹಿತವನ್ನು ಬಹುಮಟ್ಟಿಗೆ ನಿರ್ಣಯಿಸುವುವು ಇವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಾಳೆಯೆಲೆಯ ಮೇಲೆ ಬಡಿಸುವ ಕ್ರಮವನ್ನು ಒಮ್ಮೆ ನೆನೆಯಿರಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು ಇವೆಲ್ಲ ಎಲೆಯ ಮೇಲಂಚಿಗೆ ಬರುತ್ತವೆ. ಕೆಳಗಿನ ಅರ್ಧ ಅನ್ನಕ್ಕೂ ಭಕ್ಷ್ಯಕ್ಕೂ ಮೀಸಲು. ಈ ವಿನ್ಯಾಸದಲ್ಲಿ ಎಲೆಯ ಅರ್ಧಭಾಗ ಕಾಯಿಪಲ್ಯಗಳದ್ದೇ ಆಗಬೇಕಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024 ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ತಟ್ಟೆಯ ಸುಮಾರು ಅರ್ಧಭಾಗ ತರಕಾರಿ, ಸೊಪ್ಪು, ಹಣ್ಣುಗಳಿಂದ ತುಂಬಿರಲೆಂದು ಹೇಳುತ್ತದೆ. ದಿನವೊಂದಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಇಂದಿನ ನಮ್ಮ ಪಂಕ್ತಿಗಳಲ್ಲಿ ನಡೆಯುವುದೇನು? ಕೋಸಂಬರಿ ಒಂದು ಚಮಚ, ಪಲ್ಯ ಮತ್ತೊಂದು ಚಮಚ, ಶಾಸ್ತ್ರಕ್ಕೆಂಬಂತೆ ಎಲೆಯನ್ನು ಮುಟ್ಟಿಸಿ ಬಡಿಸುವವರು ಮುಂದೆ ಸಾಗಿಬಿಡುತ್ತಾರೆ. ಚಿತ್ರಾನ್ನ, ಅನ್ನ, ಒಬ್ಬಟ್ಟು, ಪಾಯಸ, ಆಂಬೊಡೆಗಳು ಮಾತ್ರ ಎರಡನೆಯ ಸಲವೂ ಮೂರನೆಯ ಸಲವೂ ಬರುತ್ತವೆ. ಎಲೆಯ ವಿನ್ಯಾಸ ಹಿಂದಿನದೇ ಆಗಿದ್ದರೂ ಪ್ರಮಾಣ ತಲೆಕೆಳಗಾಗಿದೆ.

ಹಿಂದಿನವರೂ ಹಬ್ಬದ ದಿನ ಧಾರಾಳವಾಗಿಯೇ ಉಣ್ಣುತ್ತಿದ್ದರಲ್ಲವೆ, ಅವರಿಗಿಲ್ಲದ ಕಾಟ ನಮಗೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ, ಉತ್ತರ ಈ ಸೀಮೆಯ ನೆಲದ ಚರಿತ್ರೆಯಲ್ಲಿದೆ. ಅತ್ತಿಕುಪ್ಪೆಯೆಂದು ಹಿಂದೆ ಹೆಸರಾಗಿದ್ದ ಕೃಷ್ಣರಾಜಪೇಟೆಯಲ್ಲಿಯೂ ಅದರ ನೆರೆಯ ನಾಗಮಂಗಲದಲ್ಲಿಯೂ ಕೆರೆಯ ಹಿಂದಿನ ತುಂಡು ಗದ್ದೆಗಳನ್ನೂ ಹೊಳೆಯಂಚಿನ ಹಳೆಯ ನಾಲೆಗಳ ಬಯಲನ್ನೂ ಬಿಟ್ಟರೆ ಉಳಿದುದೆಲ್ಲ ಹೊಲ. ಹೊಲದಲ್ಲಿ ರಾಗಿ, ಸಾಲಿನ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಹಿಂಗಾರಿಗೆ ಹುರುಳಿ. ವರ್ಷವಿಡೀ ಮುದ್ದೆ, ಸೊಪ್ಪಿನ ಸಾರು, ಹುರುಳಿಕಟ್ಟು, ಕಾಳಿನ ಹುಳಿ. ಬಿಳಿಯ ಅನ್ನವನ್ನು ಕಾಣುತ್ತಿದ್ದುದು ಹಬ್ಬಕ್ಕೆ, ನೆಂಟರು ಬಂದ ದಿನಕ್ಕೆ. ಕನ್ನಂಬಾಡಿಯ ಕಟ್ಟೆಯ ಕೆಲಸ 1911 ರಲ್ಲಿ ಮೊದಲಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆ ಹರಿದು, 1933 ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನಿಂತ ಮೇಲೆ ಪಾಂಡವಪುರ ಶ್ರೀರಂಗಪಟ್ಟಣಗಳ ಬಯಲು ಭತ್ತಕ್ಕೂ ಕಬ್ಬಿಗೂ ತಿರುಗಿತು; ಗೊರೂರಿನ ಅಣೆಕಟ್ಟು 1979 ರಲ್ಲಿ ಪೂರ್ಣಗೊಂಡು ಹೇಮಾವತಿಯ ನೀರು ದೂರದೂರಕ್ಕೆ ಹರಿಯತೊಡಗಿದ ಬಳಿಕ ಈ ಕಡೆಯೂ ಅದೇ ಪರಿವರ್ತನೆ ಬಂತು. ರೈತನಿಗೆ ಅದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ರಾಗಿ ಲಕ್ಷ್ಮಣಯ್ಯನವರೆಂದೇ ನಾಡು ಕರೆದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ರೂಪಿಸಿ ಇಳುವರಿಯನ್ನು ಹೆಚ್ಚಿಸಿಕೊಟ್ಟರೂ, ಅನೇಕ ಮನೆಗಳಲ್ಲಿ ಮುದ್ದೆ ಎರಡು ಹೊತ್ತಿನಿಂದ ಒಂದು ಹೊತ್ತಿಗೂ, ಅಲ್ಲಿಂದ ವಾರಕ್ಕೆ ಕೆಲವೇ ದಿನಕ್ಕೂ ಇಳಿಯಿತು. ಅನ್ನ, ಸಕ್ಕರೆಯ ಕಾಫಿ, ಕರಿದ ತಿಂಡಿಗಳು ನಿತ್ಯದವಾದುವು. ಹಿಂದೆ ಹಬ್ಬದ ಒಂದು ದಿನದ ಅತಿಯನ್ನು ಉಳಿದ ದಿನಗಳ ಮಿತವೂ ಮೈಮುರಿವ ದುಡಿಮೆಯೂ ಸರಿದೂಗಿಸುತ್ತಿದ್ದುವು. ಈಗ ಸರಿದೂಗಿಸಲು ವರ್ಷದಲ್ಲಿ ಅಂಥ ದಿನಗಳೇ ವಿರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023 ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ, ಮಧುಮೇಹವುಂಟು. ಪಂಕ್ತಿಯಲ್ಲಿ ಕುಳಿತ ಪ್ರತಿಯೊಂದು ಕುಟುಂಬದಲ್ಲಿಯೂ ಅಂಥವರೊಬ್ಬರು ಇದ್ದೇ ಇರುತ್ತಾರೆಂದು ಭಾವಿಸಿ ಅಡಿಗೆ ಮಾಡುವುದು ಈ ಕಾಲದ ಧರ್ಮ. ವರ್ಷ ಹೊರುತ್ತಿದ್ದ ಆ ಭಾರವನ್ನು ಈಗ ಎಲೆಯ ಮೇಲಂಚೇ ಹೊರಬೇಕಾಗಿದೆ.

ಇಲ್ಲಿ ಹೊರನಾಡಿನ ಒಂದು ನಿದರ್ಶನ ನಮ್ಮ ಭಾಗ್ಯವನ್ನು ತಿಳಿಯಲು ಸಹಾಯಕವಾದೀತು. ಅಮೆರಿಕದ ಜನ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತೆಯ ಹಬ್ಬವನ್ನಾಚರಿಸಿ, ಟರ್ಕಿ ಕೋಳಿಯನ್ನು ಮುಖ್ಯ ಭಕ್ಷ್ಯವಾಗಿಟ್ಟು ಉಣ್ಣುತ್ತಾರೆ. ಆ ಪಕ್ಷಿಯ ಮಾಂಸ ಕೊಬ್ಬು ಕಡಿಮೆಯಿರುವಂಥದು. ಭಾರವೆಲ್ಲ ಇರುವುದು ಅದರ ಬದಿಯ ಪದಾರ್ಥಗಳಲ್ಲಿ: ಬೆಣ್ಣೆ ಕೆನೆಗಳಲ್ಲಿ ಕಲಸಿದ ಆಲೂಗಡ್ಡೆ, ಸಕ್ಕರೆಯ ಮಿಠಾಯಿ ಹೊದಿಸಿ ಬೇಯಿಸಿದ ಗೆಣಸು, ಇತ್ಯಾದಿ. ಅಲ್ಲಿಯ ಆಹಾರತಜ್ಞರು ಆ ಪಕ್ಕದ ವ್ಯಂಜನಗಳನ್ನೇ ತಿದ್ದಬೇಕಾಗಿದೆ. ನಮ್ಮಲ್ಲಿಯೋ ಸ್ಥಿತಿ ವಿಪರ್ಯಯ. ನಮ್ಮ ಮುಖ್ಯ ಭಕ್ಷ್ಯವೇ ಭಾರವಾದುದು. ಪಕ್ಕದವು ಸ್ವಭಾವತಃ ಲಘುವಾದುವು. ಸಂಕ್ರಾಂತಿಗೆ ನಾವು ಗೆಣಸನ್ನು ಬರಿಯ ನೀರಿನಲ್ಲಿ ಬೇಯಿಸಿ ಸಿಪ್ಪೆ ಸುಲಿದು ತಿನ್ನುವ ಜನ. ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ; ಇರುವುದನ್ನು ಹೆಚ್ಚಿಸಿ, ಈಚೆಗೆ ಬಂದು ಸೇರಿಕೊಂಡ ಎಣ್ಣೆಯನ್ನೂ ಉಪ್ಪನ್ನೂ ಇಳಿಸಿದರೆ ಸಾಕು. ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಬದನೆ, ಹಲಸು, ಬಾಳೆ ಮೊದಲಾದುವುಗಳ ಪಾಕಕ್ಕೆ ದೊರೆತಿರುವ ವಿಸ್ತಾರವನ್ನು ಕಂಡವರಿಗೆ, ಕಾಯಿಪಲ್ಯಗಳ ವಿಷಯದಲ್ಲಿ ಕನ್ನಡಿಗರ ರಸನೆ ಎಷ್ಟು ಹಿಂದಿನಿಂದ ಪಳಗಿದುದೆಂಬುದು ವೇದ್ಯವಾಗುತ್ತದೆ.

ಮೊದಲು ಕೋಸಂಬರಿ. ಒಗ್ಗರಣೆಯೊಂದನ್ನುಳಿದು ಬೆಂಕಿಯ ಸೋಂಕಿಲ್ಲದೆ ಸಿದ್ಧವಾಗುವ ಈ ವ್ಯಂಜನದ ಆಧಾರವಾದ ಹೆಸರುಬೇಳೆಯಲ್ಲಿ 100 ಗ್ರಾಮಿಗೆ ಸುಮಾರು 24 ಗ್ರಾಂ ಪ್ರೋಟೀನಿದೆ. ಎಳೆಸೌತೆಯಲ್ಲಿ ಶೇಕಡಾ 95 ರಷ್ಟು ನೀರೇ. ನಿಂಬೆಯ ಹುಳಿಯಲ್ಲಿರುವ ಸಿ ಜೀವಸತ್ವ ಬೇಳೆಯ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದಕ್ಕೆ ನೆರವಾಗುತ್ತದೆ. ಹತ್ತು ಮಂದಿಗೆ 200 ಗ್ರಾಂ ಬೇಳೆ, 1 ಕಿಲೋ ಸೌತೆಕಾಯಿ, ಒಂದು ಹುಳಿಮಾವಿನಕಾಯಿಯ ತುರಿ, ಒಂದು ಹಿಡಿ ತೆಂಗಿನ ತುರಿ, ಧಾರಾಳವಾಗಿ ಕೊತ್ತಂಬರಿ ಸೊಪ್ಪು ಎಂದಿಟ್ಟುಕೊಂಡರೆ ಪ್ರತಿಯೊಬ್ಬರಿಗೂ ಬೊಗಸೆ ತುಂಬ ದೊರೆಯುತ್ತದೆ. ಬೇಳೆ ಒಂದು ಗಂಟೆಗಿಂತ ಹೆಚ್ಚು ನೆನೆಯಬಾರದು, ಹಿಸುಕಿದರೆ ಮುರಿಯಬೇಕೇ ವಿನಾ ಹಿಟ್ಟಾಗಬಾರದು. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕು. ಮುಂಚೆಯೇ ಹಾಕಿದರೆ ಸೌತೆ ನೀರು ಬಿಟ್ಟು, ರುಚಿ ಸಪ್ಪೆಯೆನಿಸಿ, ಮತ್ತೆ ಉಪ್ಪು ಸುರಿಯುವಂತಾಗುತ್ತದೆ. ಹೀಗೆ ಕೊನೆಗೆ ಹಾಕಿದ ಉಪ್ಪು ನಾಲಿಗೆಗೆ ಮೊದಲು ತಾಗುವುದರಿಂದ ಅಲ್ಪವೇ ಸಾಕಾಗುವುದು ಇನ್ನೊಂದು ಲಾಭ.

ಕೋಸಂಬರಿಗೆ ಬಾಳೆದಿಂಡನ್ನೂ ಬಳಸುವ ರೂಢಿ ನಮ್ಮಲ್ಲುಂಟು, ಆದರೆ ಅದು ಹಬ್ಬದ ದಿನಗಳಲ್ಲಿಯೇ ಮರೆಯಾಗುತ್ತಿರುವುದು ಖೇದಕರ. ಊಟಕ್ಕೆಂದು ಎಲೆ ಕೊಯ್ದು, ಗೊನೆ ಕಡಿದು, ಉರುಳಿಸಿದ ಬಾಳೆಯ ಕಂಬವನ್ನು ತಿಪ್ಪೆಗೆ ಎಸೆಯುವ ಬದಲು ಅದರ ಪಟ್ಟೆಗಳನ್ನೊಂದೊಂದಾಗಿ ಬಿಡಿಸಿದರೆ ನಡುವೆ ದಂತವರ್ಣದ ದಿಂಡು ದೊರೆಯುತ್ತದೆ. ಅದನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚುವಾಗ ಪ್ರತಿಯೊಂದು ಬಿಲ್ಲೆಯಿಂದಲೂ ಎಳೆಯುವ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ ತೆಗೆದು, ಹೆಚ್ಚಿದ ಚೂರುಗಳನ್ನು ಕಪ್ಪಾಗದಂತೆ ನೀರು ಮಜ್ಜಿಗೆಯಲ್ಲಿ ಮುಳುಗಿಸಿಡಬೇಕು. ನಾರಿನಂಶ ಹೇರಳವಾದ, ಸಕ್ಕರೆಯನ್ನು ಒಮ್ಮೆಲೇ ರಕ್ತಕ್ಕೆ ಬಿಡದೆ ನಿಧಾನಿಸಲು ನೆರವಾಗುವ ಇಂಥ ವ್ಯಂಜನ ಒಬ್ಬಟ್ಟಿಗೆ ಮೊದಲು ಹೊಟ್ಟೆ ಸೇರುವುದು ಬಹಳ ಉಚಿತ. ಷಡ್ರಸಗಳಲ್ಲಿ ಒಗರೆಂಬುದು ನಮ್ಮ ಎಲೆಗಳಿಂದ ಹೆಚ್ಚುಕಡಿಮೆ ಮಾಯವಾಗಿದೆ. ಕಹಿ, ಬೆಳಗಿನ ಬೇವುಬೆಲ್ಲದ ಚಿಟಿಕೆಯಲ್ಲಿ ಮುಗಿದುಹೋಗುತ್ತದೆ. ದಿಂಡು ಆ ಒಗರನ್ನು ಮರಳಿ ತರುತ್ತದೆ. ಶುಭದಿನಕ್ಕೆ ಹಾಗಲಕಾಯಿಯನ್ನು ಒಲ್ಲದ ಮನೆಗಳುಂಟು. ಒಲ್ಲೆನೆನ್ನದ ಮನೆಗಳಲ್ಲಿ ಅದರ ಗೊಜ್ಜು, ಬೆಲ್ಲ ತಗ್ಗಿಸಿ ಮಾಡಿದುದು, ಎಲೆಯ ಮೇಲಿರಲಿ.

ಪಲ್ಯದ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಹುರುಳಿಕಾಯಿಯಾಗಲಿ ಹೀರೆಯಾಗಲಿ ಎಲೆಕೋಸಾಗಲಿ, ಮುಚ್ಚಿದ ಪಾತ್ರೆಯಲ್ಲಿ ತನ್ನ ನೀರಿನಲ್ಲಿಯೇ ಬೆಂದರೆ ಒಂದೆರಡು ಚಮಚ ಎಣ್ಣೆ ಹತ್ತು ಮಂದಿಯ ಪಲ್ಯಕ್ಕೆ ಸಾಕು. ಹಸಿರು ಕೆಡದಿರಲೆಂದು ಅಡಿಗೆ ಸೋಡಾ ಹಾಕುವ ಅಭ್ಯಾಸವನ್ನು ಮಾತ್ರ ಬಿಡತಕ್ಕದ್ದು: ಬಣ್ಣ ಉಳಿದರೂ ಬಿ ಮತ್ತು ಸಿ ಜೀವಸತ್ವಗಳು ಅದರಿಂದ ನಷ್ಟವಾಗುತ್ತವೆ.

ಒಬ್ಬಟ್ಟಿನ ಸಾರನ್ನು ನಾನು ಈ ಸೀಮೆಯ ಪಾಕಜ್ಞಾನದ ಶ್ರೇಷ್ಠ ಫಲಗಳಲ್ಲೊಂದೆಂದು ಎಣಿಸುತ್ತೇನೆ. ಹೂರಣಕ್ಕೆಂದು ತೊಗರಿಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ಬೆರಳಿನಿಂದ ಅದುಮಿದರೆ ನುರಿಯುವಷ್ಟು ಹದಕ್ಕೆ ಬಂದಾಗ ಬಸಿಯುತ್ತಾರೆ. ಆ ಬಸಿದ ಕಟ್ಟಿನಲ್ಲಿ ನೀರಿಗಿಳಿಯುವ ಫೋಲೇಟು ಮೊದಲಾದ ಬಿ ಗುಂಪಿನ ಜೀವಸತ್ವಗಳೂ ಪೊಟ್ಯಾಸಿಯಮ್ಮಿನಂಥ ಲವಣಗಳೂ ಸೇರಿಕೊಂಡಿರುತ್ತವೆ. ಅದನ್ನು ಚೆಲ್ಲದೆ, ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಸ್ವಲ್ಪ ತೆಂಗಿನಕಾಯಿಗಳನ್ನು ಅರೆದು ಕಲಸಿ, ಆ ಬೇಸಿಗೆಯಲ್ಲಿ ಆಗತಾನೆ ಬಂದ ಹೊಸಹುಣಸೆಯ ರಸ ಹಿಂಡಿ, ನಿಂಬೆಗಾತ್ರದ ಹೂರಣವನ್ನು ಕದಡಿ ಕುದಿಸಿದರೆ, ಭಕ್ಷ್ಯದ ಸಾರಾಂಶವೇ ಸಾರಾಗಿ ಎಲೆಗೆ ಮರಳುತ್ತದೆ. ಈಚೆಗೆ ಕೆಲವರು ಕಟ್ಟನ್ನು ಚೆಲ್ಲಿ, ಅಂಗಡಿಯ ಪುಡಿಯಿಂದ ಬೇರೆ ಸಾರು ಕಾಯಿಸುತ್ತಾರೆ. ಅದು ಸರ್ವಥಾ ಸಲ್ಲದು. ಹೂರಣವನ್ನು ಹಿಡಿಗಟ್ಟಲೆ ಬೆರೆಸಿ ಸಾರನ್ನೇ ಪಾನಕವಾಗಿಸುವುದೂ ತರವಲ್ಲ. ಹುಣಸೆ ಮೆಣಸುಗಳು ಮುಂದಾಗಿ ಸಿಹಿ ಹಿಂದೆ ನಿಂತರೆ ಉಪ್ಪೂ ಕಡಿಮೆಯೇ ಸಾಕಾಗುತ್ತದೆ.

ಇನ್ನು ಕರಿದ ಪದಾರ್ಥಗಳು. ಹಬ್ಬವೆಂದರೆ ಎಣ್ಣೆಯ ಬಾಣಲೆ ಒಲೆಯೇರಲೇಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆಂಬೊಡೆ ಇಲ್ಲದ ಎಲೆ ಬೋಳೆಂದು ಮನೆಯ ಹಿರಿಯರು ನೊಂದುಕೊಳ್ಳುವುದೂ ಉಂಟು. ಅವರಿಗೆ ನಾನು ಬಿನ್ನವಿಸಿಕೊಳ್ಳುವುದು ನುಚ್ಚಿನುಂಡೆಯ ಪರವಾಗಿ. ಆಂಬೊಡೆಗೆ ಅರೆಯುವಂತೆಯೇ ಬೇಳೆಯನ್ನು ತರಿತರಿಯಾಗಿ ಅರೆದು, ಎಣ್ಣೆಗೆ ಬಿಡದೆ ಆವಿಯಲ್ಲಿ ಬೇಯಿಸಿದರೆ ದೊರೆಯುವ ಈ ಪದಾರ್ಥವನ್ನು ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ತಿಳಿಯದವರಿಲ್ಲ. ಆದರೆ ಅದನ್ನು ನಿತ್ಯದ ತಿಂಡಿಯೆಂದೆಣಿಸಿ ಹಬ್ಬದ ಪಂಕ್ತಿಗೆ ತರಲು ಹಿಂಜರಿಯುತ್ತೇವೆ. ತೊಗರಿಬೇಳೆಯನ್ನು ಎರಡು ಗಂಟೆ ನೆನೆಸಿ, ನೀರನ್ನು ಪೂರ್ತಿ ಬಸಿದು, ಒರಳಿನಲ್ಲಾಗಲಿ ಮಿಕ್ಸಿಯಲ್ಲಾಗಲಿ ಹಸಿಮೆಣಸಿನಕಾಯಿ ಶುಂಠಿಗಳೊಡನೆ ನೀರು ಸೋಕಿಸದೆ ತಿರುವಬೇಕು. ಅಲ್ಲಲ್ಲಿ ಇಡಿಬೇಳೆ ಸಿಕ್ಕುವಂತಿದ್ದರೆ ಉಂಡೆ ಹಗುರವಾಗುತ್ತದೆ, ನುಣ್ಣಗಾದರೆ ಗಟ್ಟಿ ಕಟ್ಟುತ್ತದೆ. ಅದಕ್ಕೆ ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪನ್ನು, ಬೇಳೆಯಷ್ಟೇ ಕಾಣುವಂತೆ, ಕೈತುಂಬ ಹಾಕಬೇಕು. ಜೀರಿಗೆ, ಕರಿಬೇವು, ಚೂರು ತೆಂಗಿನ ತುರಿ, ಉಪ್ಪು. ಅಂಗೈಯಲ್ಲಿಟ್ಟು ಬೆರಳು ಮಡಿಸಿ ಒತ್ತಿದಾಗ ಬೆರಳಿನ ಗುರುತು ಮೂಡುವ ನೀಳವಾದ ಉಂಡೆಗಳನ್ನು ಬಾಳೆಯೆಲೆ ಹಾಸಿದ ಇಡ್ಲಿಪಾತ್ರೆಯಲ್ಲಿ ಜೋಡಿಸಿ ಕಾಲು ಗಂಟೆ ಬೇಯಿಸಿದರೆ ಆಯಿತು. ಮುಚ್ಚಳ ತೆಗೆದಾಗ ಬೇಳೆ ತನ್ನ ಹಸಿವಾಸನೆ ಕಳೆದು ಸಬ್ಬಸಿಗೆಯ ಘಮ ಅಡಿಗೆಮನೆಯನ್ನು ತುಂಬಿರುತ್ತದೆ. ಬಿಸಿಯಾಗಿರುವಾಗ ಅರ್ಧ ಚಮಚ ತುಪ್ಪ, ಜೊತೆಗೆ ಬೂದುಗುಂಬಳದ ಮಜ್ಜಿಗೆಹುಳಿ. ಆಂಬೊಡೆ ತಿನ್ನುವವರು ಎರಡಕ್ಕೆ ನಿಲ್ಲುವುದಿಲ್ಲ. ನುಚ್ಚಿನುಂಡೆ ಎರಡರಲ್ಲಿ ತೃಪ್ತಿ ಕೊಡುತ್ತದೆ. ಆಂಬೊಡೆಯ ಆಕಾರವೇ ಬೇಕೆಂದು ಮಕ್ಕಳು ಹಟ ಹಿಡಿದರೆ ಗುಳಿಯಪ್ಪದ ಕಾವಲಿಯಲ್ಲಿ ಕುಳಿಗೆ ನಾಲ್ಕು ಹನಿ ಎಣ್ಣೆಯಿಂದ ಎರಡೂ ಮಗ್ಗುಲು ಕೆಂಪಗೆ ಬೇಯಿಸಬಹುದು.

ಕರಿದೇ ತೀರುವೆವೆನ್ನುವ ಮನೆಗಳು ಒಂದನ್ನಾದರೂ ಪಾಲಿಸಲಿ: ಒಬ್ಬಟ್ಟಿನ ಹಬ್ಬಕ್ಕೆ ಕರಿದ ಎಣ್ಣೆಯನ್ನು ಶ್ರೀರಾಮನವಮಿಯವರೆಗೂ ಕಾಪಾಡಿ ಮತ್ತೆಮತ್ತೆ ಕಾಯಿಸುವುದು ಬೇಡ. ಹಾಗೆ ಕಾದ ಎಣ್ಣೆಯಲ್ಲಿ ಅಹಿತವಾದ ಧ್ರುವೀಯ ಸಂಯುಕ್ತಗಳು ಬೆಳೆಯುತ್ತವೆ. ಅವು ಶೇಕಡಾ 25 ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018 ರಿಂದ ಕಟ್ಟಳೆ ಮಾಡಿದೆ. ಮನೆಯಲ್ಲಿ ಅದನ್ನು ಅಳೆಯುವ ಸಾಧನವಿಲ್ಲದುದರಿಂದ ಕಡಿಮೆ ಎಣ್ಣೆಯಿಟ್ಟು ಕರಿದು, ಉಳಿದುದನ್ನು ಒಂದೆರಡು ದಿನದೊಳಗೆ ಒಗ್ಗರಣೆಗೆ ಮುಗಿಸುವುದೇ ಉಪಾಯ.

ಹಪ್ಪಳವನ್ನು ಕೆಂಡದ ಮೇಲೆ ಸುಟ್ಟರೆ ದೋಷ ಪರಿಹಾರವಾಯಿತೆಂಬ ನಂಬಿಕೆ ಅರ್ಧಸತ್ಯ. ಎಣ್ಣೆ ತಪ್ಪಿತು, ದಿಟ. ಹಿಟ್ಟಿಗೆ ಬೆರೆಸಿದ ಉಪ್ಪೂ ಹಪ್ಪಳದ ಖಾರವೂ ಹಾಗೆಯೇ ಉಳಿದುವು, ಎರಡರಲ್ಲಿಯೂ ಸೋಡಿಯಂ ಇದೆ. ದಿನಕ್ಕೆ 5 ಗ್ರಾಂ, ಎಂದರೆ ಮಟ್ಟಸ ಒಂದು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಸಾರು, ಹುಳಿ, ಪಲ್ಯ, ಚಿತ್ರಾನ್ನ, ಮಜ್ಜಿಗೆ ಎಲ್ಲಕ್ಕೂ ಉಪ್ಪು ಬೀಳುವ ಊಟಕ್ಕೆ ಮೇಲೆ ಹಪ್ಪಳ, ಸಂಡಿಗೆ, ಭರಣಿಯ ಉಪ್ಪಿನಕಾಯಿ ಮೂರೂ ಬಂದರೆ ಆ ಮಿತಿ ಒಂದೇ ಊಟದಲ್ಲಿ ದಾಟುತ್ತದೆ. ಉಪ್ಪಿನಕಾಯಿಗೆ ಉಪ್ಪು ಹೆಚ್ಚುವುದು ವರ್ಷ ಕೆಡದಿರಲೆಂದು. ಯುಗಾದಿಯ ದಿನವಾದರೋ ಮಾವಿನಕಾಯಿ ಹೊಸದಾಗಿಯೇ ದೊರೆಯುತ್ತಿರುವುದರಿಂದ ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು, ಖಾರದ ಪುಡಿ, ಹುರಿದ ಮೆಂತ್ಯದ ಪುಡಿ ಸೇರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಆ ಹೊತ್ತಿಗೇ ಮುಗಿಯುವಷ್ಟು ಮಾಡಿದರೆ ಭರಣಿ ಬೇಡ.

ಮಜ್ಜಿಗೆಹುಳಿಯಲ್ಲಿ ಅರ್ಧ ತೆಂಗಿನಕಾಯಿಯ ಜಾಗಕ್ಕೆ ನೆನೆಸಿದ ಕಡಲೆಬೇಳೆಯನ್ನು ಅರೆದರೆ ಗಟ್ಟಿತನವೂ ಉಳಿಯುತ್ತದೆ, ಕೊಬ್ಬೂ ಇಳಿಯುತ್ತದೆ. ಅನ್ನದ ಬಗೆಗಳಲ್ಲಿ ಒಂದನ್ನೇ ಆರಿಸಿಕೊಳ್ಳುವುದು ಲೇಸು. ಮೇಲುಕೋಟೆಯ ಪುಳಿಯೋಗರೆಯ ಗೊಜ್ಜನ್ನು ಕಾಯಿಸುವ ಮನೆ ಮಾವಿನಕಾಯಿ ಚಿತ್ರಾನ್ನವನ್ನು ಇನ್ನೊಂದು ದಿನಕ್ಕಿಡಲಿ. ಒಬ್ಬಟ್ಟಿರುವ ಎಲೆಗೆ ಪಾಯಸ ಎರಡನೆಯ ಸಿಹಿ, ಅದನ್ನು ಬಿಡಬಹುದು. ಬೆಲ್ಲ ಸಕ್ಕರೆಗಿಂತ ನಿರಪಾಯವೆಂದು ನಮ್ಮ ಆಲೆಮನೆಯ ಸೀಮೆಯವರು ಅಭಿಮಾನದಿಂದ ಹೇಳುವುದುಂಟು. ಅದರಲ್ಲಿ ಅಲ್ಪಸ್ವಲ್ಪ ಖನಿಜಾಂಶ ಉಳಿದಿರುವುದು ನಿಜವಾದರೂ ಬಹುಭಾಗ ಸಕ್ಕರೆಯೇ ಆದುದರಿಂದ, ಮಧುಮೇಹಿಗಳು ಎರಡಕ್ಕೂ ಒಂದೇ ಎಚ್ಚರ ವಹಿಸತಕ್ಕದ್ದು.

ಮರುದಿನದ ಹೊಸತೊಡಕನ್ನು ಬಿಟ್ಟರೆ ಈ ಸೀಮೆಯ ಯುಗಾದಿಯ ಮಾತು ಪೂರ್ಣವಾಗದು. ಮಾಂಸಾಹಾರಿಗಳ ಮನೆಗಳಲ್ಲಿ ಅಂದು ಬಾಡಿನ ಸಾರಿನ ಸಂಭ್ರಮ. ಮುದ್ದೆ ಆ ದಿನ ತಾನಾಗಿ ಎಲೆಗೆ ಮರಳುವುದು ಸಂತೋಷದ ಸಂಗತಿ. ರಾಗಿಯಲ್ಲಿ 100 ಗ್ರಾಮಿಗೆ 340 ಮಿಲಿಗ್ರಾಮಿಗೂ ಮೀರಿ ಸುಣ್ಣದ ಸತ್ತ್ವವಿದೆ. ಸಾರಿಗೆ ನೆನೆಸಿದ ಅವರೆಕಾಳನ್ನೋ ಮೊಳಕೆ ಹುರುಳಿಯನ್ನೋ ಸೇರಿಸಿದರೆ ಮಾಂಸ ಕಡಿಮೆಯಾದರೂ ಸಾರು ಬಡವಾಗದು. ಪಕ್ಕಕ್ಕೆ ಬೋಟಿ, ಕಬಾಬುಗಳೆಂದು ಎರಡು ಮೂರು ಬಗೆ ಕರಿಯುವ ಬದಲು, ಈರುಳ್ಳಿ, ಸೌತೆ, ಮೂಲಂಗಿಗಳನ್ನು ಹೆಚ್ಚಿ ನಿಂಬೆ ಹಿಂಡಿ ತಟ್ಟೆತುಂಬ ಇಡಿ.

ಬಡಿಸುವವರ ಪಾತ್ರ ಅಡಿಗೆಯವರದಕ್ಕಿಂತ ಕಿರಿದಲ್ಲ. ಅತಿಥಿಯನ್ನು ಬಲವಂತಪಡಿಸಿ ಬಡಿಸುವುದು ನಮ್ಮ ಉಪಚಾರದ ಅಂಗ. “ಇನ್ನೊಂದು ಹಾಕ್ಸ್ಕೊಳಿ ಬುಡಿ, ಹಬ್ಬದ ದಿನ” ಎಂಬ ಮಾತಿನ ಹಿಂದಿನ ಪ್ರೀತಿ ದೊಡ್ಡದು. ಆ ಪ್ರೀತಿ ಕೋಸಂಬರಿಯ ಪಾತ್ರೆಯನ್ನೂ ಹಿಡಿದು ಬರಲಿ. ಎಲ್ಲರಿಗೂ ಕೋಸಂಬರಿ, ಪಲ್ಯ, ನುಚ್ಚಿನುಂಡೆಗಳನ್ನು ಮೊದಲೇ ತುಂಬ ಬಡಿಸಿ, ಅವು ಅರ್ಧ ಮುಗಿದ ಮೇಲೆ ಒಬ್ಬಟ್ಟು ತಂದರೆ, ತಿನ್ನುವವರು ಒಂದೆರಡರಲ್ಲಿ ತಾವಾಗಿ ನಿಲ್ಲುತ್ತಾರೆ. ಔಷಧ ಸೇವಿಸುವವರು, ವಿಶೇಷವಾಗಿ ಮೂತ್ರಪಿಂಡದ ತೊಂದರೆಯುಳ್ಳವರು, ಬೇಳೆ ಸೊಪ್ಪುಗಳ ಪ್ರಮಾಣವನ್ನೂ ತಮ್ಮ ವೈದ್ಯರಲ್ಲಿ ಕೇಳಿಯೇ ನಿಶ್ಚಯಿಸಬೇಕು.

ಇಷ್ಟೆಲ್ಲ ಹೇಳುವಾಗ ನನ್ನನ್ನು ಬಾಧಿಸುವ ವಿಚಾರ ಒಂದಿದೆ. ಹೆಚ್ಚುವುದು, ನಾರು ತೆಗೆಯುವುದು, ಅರೆಯುವುದು, ಸೋಸುವುದು ಇವೆಲ್ಲ ಈಗಲೂ ಬಹುಪಾಲು ಮನೆಗಳಲ್ಲಿ ಹೆಂಗಸರ ಹೆಗಲಿಗೇ ಬಿದ್ದಿದೆ. ಆರೋಗ್ಯದ ಹೆಸರಿನಲ್ಲಿ ಅವರ ದುಡಿಮೆಗೆ ಮತ್ತೊಂದು ಗಂಟೆ ಕೂಡಿಸುವುದಾದರೆ ನನ್ನ ಸಲಹೆ ಅನ್ಯಾಯವಾದೀತು. ಅಡಿಗೆಯ ಬಗೆಗಳನ್ನು ಇಳಿಸಲು ಹೇಳಿದುದೂ ಈ ಕಾರಣದಿಂದಲೇ: ಪಾಯಸ, ಎರಡನೆಯ ಚಿತ್ರಾನ್ನ, ಬಾಣಲೆಯ ಮುಂದಿನ ನಿಲುವು ಇವು ತಪ್ಪಿದರೆ ಉಳಿಯುವ ಸಮಯ ತರಕಾರಿಗೆ ಸಾಕು. ಉಳಿದುದಕ್ಕೆ ಗಂಡಸರ ಕೈ ಬೇಕು. ಹಿಂದಿನ ರಾತ್ರಿ ಹಾಲಿಗೆ ಹೆಪ್ಪು ಹಾಕಿ ಸೊಪ್ಪು ಸೋಸಿಡುವುದು, ಬೆಳಗ್ಗೆ ಎಣ್ಣೆಸ್ನಾನಕ್ಕೆ ಮುನ್ನ ತೊಗರಿಬೇಳೆ ನೆನೆಹಾಕುವುದು, ಸ್ನಾನ ಮುಗಿಸಿದ ಮೇಲೆ ದಿಂಡು ಹೆಚ್ಚುವುದು, ಎಲೆ ಹಾಕುವುದಕ್ಕೆ ಅರ್ಧ ಗಂಟೆ ಮುಂಚೆ ಸೌತೆಕಾಯಿ ಕೊಚ್ಚುವುದು, ಇವುಗಳಲ್ಲಿ ಯಾವುದಕ್ಕೂ ಪಾಕಪ್ರಾವೀಣ್ಯ ಬೇಕಿಲ್ಲ. ಮನೆಯ ಯಜಮಾನನೂ ಕಾಲೇಜಿಗೆ ಹೋಗುವ ಮಗನೂ ಇವನ್ನು ವಹಿಸಿಕೊಂಡರೆ ಒಬ್ಬಟ್ಟು ತಟ್ಟುವ ಕೈಗಳಿಗೆ ಬಿಡುವು ದೊರೆತು, ಮನೆಯವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲು ಸಾಧ್ಯವಾಗುತ್ತದೆ.